ಗೇಮ್ ಮಾಡಿಂಗ್ ಸಾಧನಗಳ ಪ್ಯಾಕೇಜಿಂಗ್: ಇತಿಹಾಸ

ಕಂಪ್ಯೂಟರ್ ಗೇಮ್‌ನ ನಕ್ಷೆ, ಪಾತ್ರ, ಸಂಭಾಷಣೆ, ನಿಯಮಗಳನ್ನು ಆಟಗಾರರೇ ಬದಲಿಸಲು ಬಳಸುವ ತಂತ್ರಾಂಶಗಳಿಗೆ ಮಾಡಿಂಗ್ ಸಾಧನಗಳು ಎನ್ನುತ್ತಾರೆ. ಅವನ್ನು ಇತರರ ಕಂಪ್ಯೂಟರಿನಲ್ಲಿ ಸರಾಗವಾಗಿ ಇನ್‌ಸ್ಟಾಲ್ ಆಗುವಂತೆ ಸಿದ್ಧಪಡಿಸುವುದೇ ಪ್ಯಾಕೇಜಿಂಗ್. ಸಾಮಾನ್ಯ ತಂತ್ರಾಂಶಕ್ಕಿಲ್ಲದ ತೊಡಕು ಇಲ್ಲಿದೆ. ಈ ಸಾಧನಗಳು ಕೈಹಾಕುವುದು ಬೇರೊಬ್ಬರಿಗೆ ಹಕ್ಕುಸ್ವಾಮ್ಯವಿರುವ ಫೈಲುಗಳಿಗೆ. ಅವನ್ನು ಜೊತೆಗೆ ಹಂಚುವಂತಿಲ್ಲ, ಆಟಗಾರನ ಬಳಿಯಿರುವ ಪ್ರತಿಯನ್ನು ಕೆಡಿಸಲೂಬಾರದು.

1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಈ ತೊಡಕನ್ನು ಅರ್ಧ ಬಿಡಿಸಿತ್ತು. ಆಟದ ದತ್ತಾಂಶವೆಲ್ಲ ಪ್ರೋಗ್ರಾಮಿನಿಂದ ಬೇರೆಯಾಗಿ ವ್ಯಾಡ್ ಎಂಬ ಫೈಲಿನಲ್ಲಿತ್ತು. ಹೊಸ ನಕ್ಷೆಯ ಚಿಕ್ಕ ವ್ಯಾಡನ್ನು ಆಟ ಶುರುಮಾಡುವಾಗ ಹೆಸರಿಸಿದರೆ ಸಾಕು, ಮೂಲ ಫೈಲಿಗೆ ಏನೂ ಆಗುತ್ತಿರಲಿಲ್ಲ. ಮರುವರ್ಷವೇ ಡಿಇಯು ಎಂಬ ನಕ್ಷೆ ಸಂಪಾದಕ ಹೊರಬಂತು. ಆಗಿನ ಪ್ಯಾಕೇಜ್ ಎಂದರೆ ಒಂದು ಜಿಪ್ ಫೈಲು, ಜೊತೆಗೆ ವಿವರಣೆಯ ಪಠ್ಯ, ಅಷ್ಟೇ. ಪ್ರೋಗ್ರಾಮನ್ನೇ ತಿದ್ದುತ್ತಿದ್ದ ಡಿಹ್ಯಾಕ್ಡ್ ಎಂಬ ಸಾಧನದ ಬಳಕೆದಾರರು ತಿದ್ದಿದ ಪ್ರೋಗ್ರಾಮಿನ ಬದಲು ತಿದ್ದುಪಡಿಗಳ ಪ್ಯಾಚ್ ಫೈಲನ್ನಷ್ಟೇ ಹಂಚಿದರು. ಹಕ್ಕುಸ್ವಾಮ್ಯಕ್ಕೆ ಧಕ್ಕೆಯಾಗದ ಈ ದಾರಿ ಮುಂದಿನವರಿಗೂ ಮಾದರಿಯಾಯಿತು.

ಈ ಇತಿಹಾಸದ ಅತ್ಯಂತ ಜಾಣ ಕೃತಿ ವೈಡು ಎಂಬ ಸಾಧನ. ‘ಬಾಲ್ಡರ್ಸ್ ಗೇಟ್ 2’ (2000) ಆಟದ ಮಾತುಗಳೆಲ್ಲ ಒಂದೇ ದೊಡ್ಡ ಫೈಲಿನಲ್ಲಿದ್ದವು. ಮಾಡ್‌ಗಳು, ಎಂದರೆ ಆಟಗಾರರು ಮಾಡಿದ ಬದಲಾವಣೆಗಳು, ಅದನ್ನು ಇಡಿಯಾಗಿ ಬದಲಿಸುತ್ತಿದ್ದುದರಿಂದ ಎರಡನೆಯದನ್ನು ಹಾಕಿದರೆ ಮೊದಲನೆಯದು ಅಳಿಸಿಹೋಗುತ್ತಿತ್ತು. ವೆಸ್ಟ್ಲಿ ವೈಮರ್ ಒಕ್ಯಾಮಲ್ ಭಾಷೆಯಲ್ಲಿ ಬರೆದ ವೈಡು, ಆಟಗಾರನ ಬಳಿ ಈಗಿರುವ ಫೈಲನ್ನೇ ಓದಿ, ಬೇಕಾದ ಸಾಲುಗಳನ್ನು ಮಾತ್ರ ಸೇರಿಸುತ್ತದೆ. ಏನನ್ನು ಎಲ್ಲಿ ಬದಲಿಸಬೇಕೆಂಬ ಸೂಚನೆ ಒಂದು ಸ್ಕ್ರಿಪ್ಟಿನಲ್ಲಿರುತ್ತದೆ. ವೈಡುವಿನ ಪ್ರತಿಯೊಂದಕ್ಕೆ ಮಾಡ್‌ನ ಹೆಸರಿಟ್ಟರೆ ಅದೇ ಇನ್‌ಸ್ಟಾಲರ್! ಮುಟ್ಟಿದ ಫೈಲುಗಳ ಹಳೆಯ ಪ್ರತಿಯನ್ನು ಅದು ಎತ್ತಿಡುತ್ತದೆ, ಇನ್‌ಸ್ಟಾಲ್ ಆದ ಕ್ರಮವನ್ನು ಲಾಗ್‌ನಲ್ಲಿ ಬರೆದಿಡುತ್ತದೆ. ನಡುವಿನ ಮಾಡ್ ಒಂದನ್ನು ತೆಗೆಯಬೇಕಾದರೆ ಅದರ ನಂತರದವನ್ನೆಲ್ಲ ಹಿಮ್ಮುಖವಾಗಿ ಕಳಚಿ, ಅದನ್ನು ತೆಗೆದು, ಉಳಿದವನ್ನು ಮತ್ತೆ ಹಾಕುತ್ತದೆ. ಹಾಕುವಷ್ಟೇ ಅಚ್ಚುಕಟ್ಟಾಗಿ ತೆಗೆಯಲೂ ಬರಬೇಕು ಎಂಬುದನ್ನು ವೈಡುವಿನಷ್ಟು ಗಂಭೀರವಾಗಿ ಪರಿಗಣಿಸಿದ ಸಾಧನಗಳು ವಿರಳ.

ಬೆಥೆಸ್ಡಾ ಕಂಪನಿ 2002ರಲ್ಲಿ ‘ಮಾರೋವಿಂಡ್’ ಆಟದ ಪಿಸಿ ಆವೃತ್ತಿಯ ಜೊತೆಗೇ ತನ್ನ ಸಂಪಾದಕವನ್ನು ಕೊಟ್ಟಿತು. ‘ಫಾಲ್‌ಔಟ್ 3’ರ (2008) ಮಾಡ್ ಮ್ಯಾನೇಜರಿನಿಂದ ಬಂದ ಫೋಮಾಡ್ ವಿನ್ಯಾಸ, ಇನ್‌ಸ್ಟಾಲ್ ಮಾಡುವಾಗ ಆಟಗಾರನಿಗೆ ಆಯ್ಕೆಗಳನ್ನು ತೋರಿಸಲು ಅವಕಾಶ ಕೊಟ್ಟಿತು. ನಂತರದ ಮಾಡ್ ಆರ್ಗನೈಸರ್ ಇನ್ನೂ ಮುಂದೆ ಹೋಗಿ, ಆಟದ ಫೋಲ್ಡರನ್ನು ಮುಟ್ಟದೆಯೇ, ಮಾಡ್‌ಗಳು ಅದರೊಳಗೇ ಇರುವಂತೆ ಆಟಕ್ಕೆ ತೋರಿಸುವ ವರ್ಚುವಲ್ ಫೈಲ್ ವ್ಯವಸ್ಥೆ ತಂದಿತು. 2011ರಲ್ಲಿ ಆರಂಭವಾದ ಸ್ಟೀಮ್ ವರ್ಕ್‌ಶಾಪ್ ಇನ್‌ಸ್ಟಾಲ್ ಕೆಲಸವನ್ನು ಒಂದು ಗುಂಡಿಗೆ ಇಳಿಸಿತು.

ಲಿನಕ್ಸ್ ವಿತರಣೆಗಳಲ್ಲಿ ಶಿಸ್ತು ಬಿಗಿ. ಅವುಗಳಲ್ಲೊಂದಾದ ಡೆಬಿಯನ್‌ನಲ್ಲಿ ಪ್ರೋಗ್ರಾಮುಗಳು ಸಾಮಾನ್ಯ ಬಳಕೆದಾರ ಬರೆಯಲಾಗದ ಫೋಲ್ಡರಿನಲ್ಲಿರುತ್ತವೆ. ಹಾಗಾಗಿ ಮಾಡ್‌ಗಳು ಬಳಕೆದಾರನ ಸ್ವಂತ ಫೋಲ್ಡರಿಗೆ ಹೋಗಬೇಕು. ಮಾರಾಟದ ಆಟಗಳ ದತ್ತಾಂಶವನ್ನು ಹಂಚಲಾಗದ್ದರಿಂದ, ಬಳಕೆದಾರ ಕೊಂಡ ಪ್ರತಿಯಿಂದಲೇ ಪ್ಯಾಕೇಜ್ ತಯಾರಿಸುವ ಗೇಮ್-ಡೇಟಾ-ಪ್ಯಾಕೇಜರ್ ಎಂಬ ಸಾಧನವಿದೆ. ಡೂಮ್ ಕಾಲದ ವ್ಯಾಡ್ ಸಾಧನ ಡಿಯುಟೆಕ್ಸ್ ಕೂಡ ಡೆಬಿಯನ್ ಪ್ಯಾಕೇಜಾಗಿ ಸಿಗುತ್ತದೆ. ಮುಕ್ತ ಪರವಾನಗಿಯ ‘ಫ್ರೀಡೂಮ್’ ಆಟದ ವ್ಯಾಡ್ ಫೈಲುಗಳನ್ನು ಕಟ್ಟುವುದು ಅದರಿಂದಲೇ.