ಅಷ್ಟೂರಿನ ಸುವರ್ಣಾಕ್ಷರಗಳು

ಬೀದರದ ಸಮೀಪದ ಅಷ್ಟೂರಿನಲ್ಲಿರುವ ಬಹಮನೀ ಗೋರಿಗಳಲ್ಲಿ, 1436ರಲ್ಲಿ ತೀರಿಕೊಂಡ ಅಹಮದಶಾಹ ವಲಿಯ ಸಮಾಧಿಯು ಒಳಗಣ ಲಿಪಿಚಿತ್ರಗಳಿಂದ ಪ್ರಖ್ಯಾತವಾಗಿದೆ. ಹೊರಗೆ ಆಡಂಬರವಿಲ್ಲ, ಒಳಗಾದರೋ ಗೋಡೆಯಿಂದ ಗುಮ್ಮಟದವರೆಗೂ ಗಾಢವರ್ಣಗಳ ನಡುವೆ ಬಂಗಾರದ ಅಕ್ಷರಗಳು ಶೋಭಿಸುತ್ತವೆ. ಕೂಫೀ, ತುಗ್ರಾ, ನಸ್ಖ ಎಂಬ ಬರಹದ ರೀತಿಗಳು ಇಲ್ಲಿ ಒಂದೆಡೆಯೇ ಕಾಣಸಿಗುವವು. ಕಿರ್ಮಾನದ ಸಂತ ಶಾಹ ನಿಅಮತುಲ್ಲಾ ವಲಿಯ ಪಾರಸೀ ಪದ್ಯಗಳೂ ಗುರುಪರಂಪರೆಯೂ ಅವುಗಳಲ್ಲಿ ಸೇರಿವೆ. ಸುಲ್ತಾನನು ಆ ಸಂತನ ಭಕ್ತನಾಗಿದ್ದುದರಿಂದ ಈ ಅಲಂಕಾರವು ಗುರುಸ್ಮರಣೆಯೂ ಆಗಿದೆ.

ಪಾರಸಿಯನ್ನು ಓದಲರಿಯದ ನಾಡವರಿಗೂ ಈ ಸ್ಥಳವು ಪರಕೀಯವಲ್ಲ. ಇಲ್ಲಿಯ ಉರುಸು ಹಿಂದೂ ಪಂಚಾಂಗದಂತೆ ನಡೆಯುತ್ತದೆ. ಲಿಂಗಾಯತ ಭಕ್ತರು ಇಲ್ಲಿ ಅಲ್ಲಮಪ್ರಭುವನ್ನು ನೆನೆಯುವರು. ಆದರೆ ಬಣ್ಣದ ಬರಹವು ಶಿಲಾಶಾಸನದಂತೆ ದೀರ್ಘಾಯುವಲ್ಲ. ಅನೇಕ ಕಡೆ ಅದು ಮಾಸಿದೆ. ಉಳಿದುದನ್ನು ಜೋಪಾನಮಾಡದಿದ್ದರೆ, ಎರಡು ಸಮಾಜಗಳು ಕೂಡಿ ನಮಿಸುವ ಗೋರಿಯು ಮೂಕವಾದೀತು.