ಗ್ರೇಟರ್ ನೋಯ್ಡಾದ ಒಂದು ಕಡತ

ದೆಹಲಿ ಸುತ್ತಲಿನ ಐಟಿ ಚರಿತ್ರೆ ಅಂದರೆ ಗುರಗಾಂವದ ಕಾಲ್ ಸೆಂಟರುಗಳ ಕಥೆ ಎಂದೇ ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಗ್ರೇಟರ್ ನೋಯ್ಡಾದ ಚಿಪ್ ಎಂಜಿನಿಯರುಗಳು ಆ ಕಥೆಯಲ್ಲಿ ಬರುವುದೇ ಇಲ್ಲ. ಅವರ ಚರಿತ್ರೆ ಓದಬೇಕಾದರೆ ಲಿನಕ್ಸ್ ಕರ್ನೆಲ್ಲಿನ ಎಫ್‌ಎಸ್‌ಎಂಸಿ ನ್ಯಾಂಡ್ ಡ್ರೈವರಿನ ಕಡತ ತೆರೆಯಬೇಕು. ಅದರ ತಲೆಯಲ್ಲಿ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್, 2010 ಎಂದಿದೆ. ಆ ಕಂಪನಿಯ ಸ್ಪಿಯರ್ ಚಿಪ್ಪುಗಳಿಗೆ ಗ್ರೇಟರ್ ನೋಯ್ಡಾದ ತಂಡ ಲಿನಕ್ಸ್ ಹೊಂದಿಸುತ್ತಿದ್ದ ಕಾಲ ಅದು.

ಕರೆಂಟು ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ಫ್ಲ್ಯಾಶ್ ಮೆಮೊರಿಗೆ ಲಿನಕ್ಸಿನಲ್ಲಿ ಎಂಟಿಡಿ ಎಂಬ ಚೌಕಟ್ಟಿದೆ. 1999ರಿಂದ ಡೇವಿಡ್ ವುಡ್‌ಹೌಸ್ ಮುಂದೆ ನಿಂತು ಕಟ್ಟಿದ್ದು. ಚಿಪ್ಪು ಯಾರದೇ ಇರಲಿ, ಮೇಲಿನ ಫೈಲ್ ಸಿಸ್ಟಮ್‌ಗೆ ಕೆಳಗಿನಿಂದ ಸಿಗುವ ಓದು, ಬರೆ, ಅಳಿಸು ಒಂದೇ ಬಗೆಯವು. ಅದರೊಳಗೆ ಹೊಸ ಡ್ರೈವರ್ ಸೇರಬೇಕಾದರೆ ಎಲ್ಲರೆದುರು ರಿವ್ಯೂ ಆಗಬೇಕು, ಜವಾಬ್ದಾರಿ ಹೊತ್ತವರು ಹೆಸರು ಹಾಕಬೇಕು. ಸಹಿಯ ಈ ಪದ್ಧತಿ ಬಂದದ್ದು 2004ರಲ್ಲಿ, ಐಬಿಎಂ ಮೇಲೆ ಎಸ್‌ಸಿಒ ಮೊಕದ್ದಮೆ ಹೂಡಿದ ಮರುವರ್ಷ. ನಮ್ಮ ಪ್ರಾಜೆಕ್ಟುಗಳಲ್ಲಿ ರಿವ್ಯೂ ಅಂದರೆ ಶುಕ್ರವಾರ ಸಂಜೆ ಟಿಕ್ ಹಾಕುವ ಶಾಸ್ತ್ರ. ಇಲ್ಲಿ ಹಾಗೆ ನಡೆಯುವುದಿಲ್ಲ. ಸ್ವೀಡನ್ನಿನ ಎಸ್‌ಟಿ-ಎರಿಕ್ಸನ್‌ನ ಎಂಜಿನಿಯರೂ ಈ ಡ್ರೈವರಿಗೆ ಕೈಹಚ್ಚಿದರು. ಅದೇ ಕಂಟ್ರೋಲರ್ ಅವರ ಚಿಪ್ಪಿನಲ್ಲೂ ಇತ್ತು.

ಕಡತದಲ್ಲಿ ನನಗೆ ಹಿಡಿಸಿದ್ದು ಅಳಿಸಿದ ಪುಟದ ಪ್ರಸಂಗ. ನ್ಯಾಂಡ್ ಅಳಿಸಿದರೆ ಎಲ್ಲ ಬಿಟ್ಟುಗಳೂ 1 ಆಗುತ್ತವೆ. ಪ್ರತಿ 512 ಬೈಟಿಗೆ 13 ಬೈಟು ಇಸಿಸಿ. ಅದು 8 ಬಿಟ್ಟುಗಳವರೆಗಿನ ತಪ್ಪು ತಿದ್ದಬಲ್ಲದು. ತೊಂದರೆ ಏನೆಂದರೆ, ಅಳಿಸಿದಾಗ ಇಸಿಸಿಯ ಜಾಗದಲ್ಲೂ ಬರೀ 1 ತುಂಬುತ್ತದೆ, ಆದರೆ ಬರೀ 1 ಇರುವ ಡೇಟಾಗೆ ಲೆಕ್ಕಹಾಕಿದ ಇಸಿಸಿ ಹಾಗೆ ಬರುವುದಿಲ್ಲ. ಹಾಗಾಗಿ ಖಾಲಿ ಪುಟವನ್ನು ಓದಿದರೆ ಹಾರ್ಡ್‌ವೇರು ತಪ್ಪು ಎಂದು ಕೂಗುತ್ತದೆ. ಇವರು ಹುಡುಕಿದ ದಾರಿ: 0 ಇರುವ ಬಿಟ್ಟುಗಳನ್ನು ಎಣಿಸು; 8 ದಾಟದಿದ್ದರೆ ಖಾಲಿ ಎಂದುಕೋ, ಪುಟವನ್ನು ಮತ್ತೆ 1ರಿಂದ ತುಂಬು.

ರಿವ್ಯೂ ಮಾಡುವವನ ಎದೆ ಇಲ್ಲಿ ಒಮ್ಮೆ ಧಸಕ್ಕೆನ್ನಬೇಕು. ಯಾರೋ ನಿಜವಾಗಿ ಬರೆದ ಪುಟದಲ್ಲೇ ಎರಡು ಮೂರು ಸೊನ್ನೆಗಳಷ್ಟೇ ಇದ್ದರೆ? ಸದ್ದಿಲ್ಲದೆ ಒರೆಸಿಹೋಗುತ್ತದೆ. ಎಣಿಕೆಗೆ ಆ 13 ಬೈಟುಗಳನ್ನೂ ಸೇರಿಸಿದ್ದು ಇದಕ್ಕೇ ಎಂದು ನನ್ನ ಓದು: ಬರೆದ ಪುಟವಾದರೆ ಇಸಿಸಿಯ ಸೊನ್ನೆಗಳೇ ಸಾಕ್ಷಿ ಹೇಳುತ್ತವೆ.

ಈ ಪರಿಹಾರ ತಾತ್ಕಾಲಿಕ ಎಂದು ಕಾಮೆಂಟಿನಲ್ಲಿ ಬರೆದಿದ್ದಾರೆ. ನಮ್ಮೂರ ತಾತ್ಕಾಲಿಕ ಬಸ್ ನಿಲ್ದಾಣಗಳ ಹಾಗೆ ಅದೂ ಉಳಿದುಕೊಂಡಿತು. 2018ರಲ್ಲಿ ನ್ಯಾಂಡ್ ಡ್ರೈವರುಗಳನ್ನೆಲ್ಲ ‘ರಾ’ ಎಂಬ ಹೊಸ ಡೈರೆಕ್ಟರಿಗೆ ಸಾಗಿಸಿದಾಗ ಕಡತದ ಜೊತೆ ಆ ಕಾಮೆಂಟೂ ಹೋಯಿತು.