‘ಬೇರೆ ಕಾಯಿಲೆಯೂ ಇತ್ತು’: ಜ್ವರಗಡ್ಡೆಯಿಂದ ಮಂಗನ ಕಾಯಿಲೆವರೆಗೆ

ಸಾವಿನ ಸುದ್ದಿ ಬರೆಯುವಾಗ ನಮ್ಮಂಥ ಸ್ಟ್ರಿಂಗರ್‌ಗಳು ಕೊನೆಗೆ ಸೇರಿಸುವ ಒಂದು ಸಾಲಿದೆ: ‘ಮೃತರು ಇತರ ಕಾಯಿಲೆಗಳಿಂದಲೂ ಬಳಲುತ್ತಿದ್ದರು.’ ಕೋವಿಡ್ ಕಾಲದಲ್ಲಿ ನಾನೂ ಎಷ್ಟೋ ಸಲ ಬರೆದೆ. ಒಮ್ಮೆ ಕೊಪ್ಪ ಕಡೆಯ ಹಳ್ಳಿಯೊಂದರಲ್ಲಿ ತೀರಿಹೋದವರ ಮಗ ನನ್ನ ಬೈಕ್ ನಿಲ್ಲಿಸಿ ಕೇಳಿದರು: ‘ಅಪ್ಪನಿಗೆ ಶುಗರ್ ಇತ್ತು ಅಂತ ಬರೆದ್ರಲ್ಲ, ಹಾಗಾದ್ರೆ ಜ್ವರಕ್ಕೆ ಸತ್ತದ್ದಲ್ವಾ?’ ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದರೆ ಈ ಪ್ರಶ್ನೆ ನಮ್ಮ ಮಲೆನಾಡಿನಲ್ಲಿ ನೂರು ವರ್ಷಕ್ಕಿಂತ ಹಳೆಯದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಒಂದು ಕಾಲಕ್ಕೆ ಚಳಿಜ್ವರದ ಸೀಮೆ. ಎನ್.ಆರ್.ಪುರವನ್ನು ಎಡೆಹಳ್ಳಿ ಎನ್ನುತ್ತಿದ್ದರು. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದುಹೋದ ನೆನಪಿಗೆ ಈಗಿನ ಹೆಸರು ಬಂತು. ಮಲೆನಾಡಿನಲ್ಲಿ ಜನಸಂಖ್ಯೆ ಇಳಿಯುತ್ತಿದೆ ಎಂಬುದು ಆಗ ಮೈಸೂರು ಸರ್ಕಾರಕ್ಕೇ ಚಿಂತೆಯ ವಿಷಯ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಲೆನಾಡು ಸುಧಾರಣೆಗೆಂದೇ ಒಂದು ಯೋಜನೆ ಶುರುವಾಯಿತು.

ನಮ್ಮ ಹಿರಿಯರ ಬಾಯಲ್ಲಿ ‘ಜ್ವರಗಡ್ಡೆ’ ಎಂಬ ಮಾತು ಕೇಳಿರುತ್ತೀರಿ. ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ ಎಂಬ ಅಂಗವಿದೆ. ಮಲೇರಿಯಾ ಮತ್ತೆ ಮತ್ತೆ ಬಂದರೆ ಅದು ಊದಿ ಗಟ್ಟಿಯಾಗುತ್ತದೆ, ಕೈಗೆ ಸಿಗುತ್ತದೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ನಮ್ಮ ಪಕ್ಕದ ಮೂಡಿಗೆರೆಯಲ್ಲಿ ಮಲೇರಿಯಾ ಅಧ್ಯಯನ ನಡೆಸಿತು. ಆ ಕಾಲದ ಸರ್ವೆಗಳಲ್ಲಿ ಊರಿನ ಜ್ವರ ಅಳೆಯುವ ಕ್ರಮವೇ ವಿಚಿತ್ರ: ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟುವುದು, ನೂರರಲ್ಲಿ ಎಷ್ಟು ಮಕ್ಕಳಿಗೆ ಗಡ್ಡೆ ಇದೆ ಎಂದು ಎಣಿಸುವುದು.

ಆದರೆ ಕೊಂದದ್ದು ಮಲೇರಿಯಾ ಒಂದೇ ಅಲ್ಲ. ಬರಿಗಾಲಲ್ಲಿ ಗದ್ದೆ, ತೋಟದ ಒದ್ದೆ ಮಣ್ಣು ತುಳಿಯುವವರ ಪಾದದಿಂದ ಕೊಕ್ಕೆಹುಳದ ಮರಿಗಳು ಒಳಗೆ ಹೋಗಿ ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತವೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವ ಜಾತಿಯ ಒಂದು ಹುಳ ದಿನಕ್ಕೆ ಕುಡಿಯುವುದು ಸುಮಾರು 0.03 ಮಿಲಿಲೀಟರ್. ಏನೂ ಅಲ್ಲ ಅನಿಸುತ್ತದೆ. ನೂರು ಹುಳ ಇದ್ದರೆ ತಿಂಗಳಿಗೆ 90 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ ರಕ್ತ. ಅತ್ತ ಮಲೇರಿಯಾ ರಕ್ತದ ಕೆಂಪು ಕಣಗಳನ್ನು ಒಡೆಯುತ್ತಲೇ ಇರುತ್ತದೆ. ಊಟದಲ್ಲಿ ಗಂಜಿ, ಉಪ್ಪಿನಕಾಯಿ. ಕಬ್ಬಿಣದ ಅಂಶ ಕಡಿಮೆ. ಇದರ ಮೇಲೆ ಹೆಣ್ಣುಮಗಳು ಬಸುರಿಯಾದರೆ? ಒಂದೊಂದನ್ನೂ ತಾಳಿಕೊಳ್ಳಬಹುದಾಗಿದ್ದ ದೇಹ ಎಲ್ಲವೂ ಸೇರಿದಾಗ ಕುಸಿಯುತ್ತಿತ್ತು. ಕ್ವಿನೈನ್ ನುಂಗಿದರೆ ಜ್ವರ ಇಳಿಯುತ್ತಿತ್ತು, ಹುಳ ಅಲ್ಲೇ ಇರುತ್ತಿತ್ತು, ಬಿಳುಚಿದ ಮುಖಕ್ಕೆ ಬಣ್ಣ ಬರುತ್ತಿರಲಿಲ್ಲ. ‘ಔಷಧಿ ಹಿಡಿಯಲಿಲ್ಲ’ ಎಂದು ಹಳಬರು ಹೇಳುತ್ತಿದ್ದುದರ ಹಿಂದೆ ಎಷ್ಟೋ ಕಡೆ ಇದೇ ಇದ್ದಿರಬೇಕು.

ಈ ಜ್ವರಗಡ್ಡೆ ಕೋರ್ಟ್ ಮೆಟ್ಟಿಲೂ ಹತ್ತಿತ್ತು. ನಮ್ಮೂರಿನ ಕತೆಯಲ್ಲ, ದೂರದ ಆಗ್ರಾದ್ದು. ಫುಲ್ಲರ್ ಎಂಬ ಇಂಗ್ಲಿಷ್ ವಕೀಲ ಚರ್ಚಿಗೆ ಹೊರಡುವ ಹೊತ್ತಿಗೆ ಗಾಡಿ ಸಿದ್ಧವಿಲ್ಲ ಎಂದು ತನ್ನ ಕುದುರೆಯಾಳಿಗೆ ಹೊಡೆದ. ಆಳು ಸತ್ತ. ಗುಲ್ಮ ಮೊದಲೇ ಊದಿತ್ತು, ಅದು ಒಡೆದು ಸತ್ತ ಎಂದರು ವೈದ್ಯರು. ಮ್ಯಾಜಿಸ್ಟ್ರೇಟ್ ಹಾಕಿದ ದಂಡ 30 ರೂಪಾಯಿ! 1876ರಲ್ಲಿ ವೈಸರಾಯ್ ಲಿಟ್ಟನ್ ಇದನ್ನು ಬಹಿರಂಗವಾಗಿ ಖಂಡಿಸಿದ್ದರಿಂದ ದೇಶವಿಡೀ ಗದ್ದಲವಾಯಿತು. ಊದಿದ ಗುಲ್ಮ ಇದ್ದದ್ದು ಸುಳ್ಳಲ್ಲ. ಆದರೆ ಹೊಡೆತ ಬೀಳದಿದ್ದರೆ ಅವನು ಅಂದು ಸಾಯುತ್ತಿರಲಿಲ್ಲ. ನಾನು ಬರೆಯುತ್ತಿದ್ದ ಆ ಕೊನೆಯ ಸಾಲು ಇದನ್ನು ಓದಿದ ಮೇಲೆ ನನಗೇ ಚುಚ್ಚಿತು.

ಒಬ್ಬನಲ್ಲೇ ಇರುವ ಎರಡನೇ ಕಾಯಿಲೆಗೆ ವೈದ್ಯರು ಈಗ ಬಳಸುವ ‘ಕೋಮಾರ್ಬಿಡಿಟಿ’ ಎಂಬ ಪದ ಕೊಟ್ಟವರು ಅಮೆರಿಕದ ವೈದ್ಯ ಆಲ್ವನ್ ಫೈನ್‌ಸ್ಟೈನ್, 1970ರಲ್ಲಿ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾವ ಚಿಕಿತ್ಸೆ ಫಲಿಸಿತು, ಯಾವುದು ಸೋತಿತು ಎಂದು ಹೇಳಲಾಗದು ಎಂಬುದು ಅವರ ವಾದ. ಅಂದರೆ ಚಿಕಿತ್ಸೆ ತಿದ್ದಲು ಹುಟ್ಟಿದ ಪದ ಅದು.

ಡಿಡಿಟಿ ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಚಳಿಜ್ವರ ಹಿಂದೆ ಸರಿಯಿತು. ಅಷ್ಟರಲ್ಲೇ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದವು. ಉಣುಗಿನಿಂದ ಹರಡುವ ಆ ಮಂಗನ ಕಾಯಿಲೆ ಈಗ ನಮ್ಮ ಮೂರು ತಾಲೂಕುಗಳಿಗೂ ಹೊಸದಲ್ಲ. ದರಗು ತರಲು ಹೋಗುವವರು, ದನ ಮೇಯಿಸುವವರು ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಕೆಲವರು ಮರೆಯುತ್ತಾರೆ. ಸೋಂಕು ತಗುಲಿದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. 2024ರ ಆರಂಭದಲ್ಲಿ ವರದಿಯಾದ ಸಾವುಗಳಲ್ಲಿ ಶೃಂಗೇರಿ ತಾಲೂಕಿನ ಹಿರಿಯರೊಬ್ಬರದೂ ಇತ್ತು.

ನಮ್ಮಜ್ಜನ ಕಾಲಕ್ಕೂ ಈಗಿನದಕ್ಕೂ ಒಂದು ವ್ಯತ್ಯಾಸವಿದೆ. ಆಗ ಜ್ವರದ ಜೊತೆಗೆ ಹುಳ, ರಕ್ತಹೀನತೆ. ಈಗ ಜ್ವರದ ಜೊತೆಗೆ ಶುಗರ್, ಬಿಪಿ, ಹೃದಯದ ಸ್ಟೆಂಟು. ಗಂಟು ಬೀಳುವುದು ಇಲ್ಲಿ. ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗಬಹುದು. ಸ್ಟೆಂಟ್ ಹಾಕಿಸಿಕೊಂಡವರು ದಿನಾ ನುಂಗುವ ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಮುಂದುವರಿಸಿದರೆ ರಕ್ತ ನಿಲ್ಲದ ಭಯ, ನಿಲ್ಲಿಸಿದರೆ ಹೃದಯಾಘಾತದ ಭಯ. ತೂಗಿ ನೋಡಬೇಕಾದವರು ವೈದ್ಯರೇ, ನಾವು ಮನೆಯಲ್ಲಿ ನಿರ್ಧರಿಸುವ ವಿಷಯವಲ್ಲ. ಈ ಕಾಯಿಲೆಗೆ ನೇರ ಔಷಧಿ ಇಲ್ಲ, ಡ್ರಿಪ್ ಮುಖ್ಯ. ಆದರೆ ಕಿಡ್ನಿ, ಹೃದಯ ಸೋತವರಿಗೆ ಡ್ರಿಪ್ ಹೆಚ್ಚಾದರೆ ಉಸಿರು ಕಟ್ಟುತ್ತದೆ. ಇನ್ನು ಶುಗರ್ ಇರುವವರು ಜ್ವರಕ್ಕೆ ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಸಕ್ಕರೆ ಅಂಶ ಕುಸಿದು ತೊದಲಬಹುದು, ಎಚ್ಚರ ತಪ್ಪಬಹುದು. ಮಂಗನ ಕಾಯಿಲೆ ಕೆಲವರಲ್ಲಿ ಎರಡನೇ ಸಲ ಮರುಕಳಿಸಿ ಮಿದುಳಿಗೆ ತಟ್ಟಿದಾಗಲೂ ಲಕ್ಷಣ ಹೆಚ್ಚುಕಡಿಮೆ ಹೀಗೇ. ಮಾತ್ರೆ ವಿಷಯ ಗೊತ್ತಿಲ್ಲದ ಡಾಕ್ಟರು ಯಾವುದೆಂದು ತಿಳಿಯಬೇಕು?

ಆ ಮಗನ ಪ್ರಶ್ನೆಗೆ ಉತ್ತರ ಕಾಗದದಲ್ಲೇ ಇತ್ತು. ಆಸ್ಪತ್ರೆಯಲ್ಲಿ ಸತ್ತರೆ ಸಾವಿನ ಕಾರಣ ಬರೆಯುವ ನಮೂನೆ 4ರಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ಸಾವಿಗೆ ಒಯ್ದ ಕಾಯಿಲೆಯ ಸರಪಳಿ, ಎರಡನೆಯದರಲ್ಲಿ ಅದಕ್ಕೆ ಕೈಜೋಡಿಸಿದ ಬೇರೆ ಕಾಯಿಲೆಗಳು. 2020ರಲ್ಲಿ ಐಸಿಎಂಆರ್ ಇದನ್ನೇ ಒತ್ತಿ ಹೇಳಿತು: ಕೋವಿಡ್‌ನಿಂದ ಸತ್ತವರ ಶುಗರ್, ಅಸ್ತಮಾವನ್ನು ಸಾವಿನ ಮೂಲ ಕಾರಣ ಎಂದು ಬರೆಯಬಾರದು. ಅವರ ಅಪ್ಪ ಜ್ವರದಿಂದಲೇ ಸತ್ತದ್ದು. ಅದನ್ನು ಹೇಳಲು ಆ ಮನೆಗೆ ಮತ್ತೆ ಹೋಗಿದ್ದೆ. ಕಾಫಿ ಕೊಟ್ಟರು, ಅಪ್ಪನ ಶುಗರ್ ಪುಸ್ತಕ ತೋರಿಸಿದರು. ಆಸ್ಪತ್ರೆಗೆ ಸೇರಿಸಿದ ರಾತ್ರಿ ಗಡಿಬಿಡಿಯಲ್ಲಿ ಅದು ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತಂತೆ.